ಕೊಲೆಯೋ, ಕೊಲೆಯಲ್ಲದ ನರಹತ್ಯೆಯೋ?



ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕತ್ತಿಯಿಲ್ಲದ ಮನೆ ಎಲ್ಲಿದೆ? ಬೇಲಿ ಜಗಳದಲ್ಲಿ ಅದೇ ಕತ್ತಿ ಬೀಸಿ ಜೀವ ಹೋಯಿತು ಅಂತಿಟ್ಟುಕೊಳ್ಳೋಣ. ಸೆಷನ್ಸ್ ಕೋರ್ಟು ಕೊಲೆ ಅಂದರೂ, ಮೇಲ್ಮನವಿಯಲ್ಲಿ ಹೈಕೋರ್ಟು ಅದನ್ನು ‘ಕೊಲೆಯಲ್ಲದ ನರಹತ್ಯೆ’ ಎಂದು ಬದಲಿಸಬಹುದು. ಕೊಲೆಗೆ ಕಡಿಮೆಯೆಂದರೂ ಜೀವಾವಧಿ. ಕೊಲ್ಲುವ ಉದ್ದೇಶವಿಲ್ಲದೆ, ಸಾಯಬಹುದೆಂಬ ಅರಿವಷ್ಟೇ ಇದ್ದರೆ ಹೆಚ್ಚೆಂದರೆ 10 ವರ್ಷ.

ಕತ್ತಿ ಮನೆಯಿಂದ ತಂದದ್ದೋ, ಅಲ್ಲೇ ಕೈಗೆ ಸಿಕ್ಕಿದ್ದೋ? ಏಟು ಎಲ್ಲಿ ಬಿತ್ತು? ಜಗಳ ದಿಢೀರನೆ ಆದದ್ದೋ, ಹಳೇ ದ್ವೇಷವೋ? ನ್ಯಾಯಾಧೀಶರು ಇದನ್ನೆಲ್ಲ ನೋಡುತ್ತಾರೆ. ‘ಒಂದೇ ಏಟು, ಹಾಗಾಗಿ ಕೊಲೆಯಲ್ಲ’ ಅನ್ನೋದು ತಪ್ಪು. ಪಂಜಾಬಿನ ವಿರ್ಸಾ ಸಿಂಗ್ ಪ್ರಕರಣದಲ್ಲಿ ಹೊಟ್ಟೆಗೆ ಬಿದ್ದದ್ದು ಭರ್ಜಿಯ ಒಂದೇ ತಿವಿತ. 1958ರಲ್ಲಿ ಸುಪ್ರೀಂ ಕೋರ್ಟು ಕೊಲೆಯೆಂದೇ ತೀರ್ಪಿತ್ತಿತು.

ಹೈಕೋರ್ಟು ಸಾಮಾನ್ಯವಾಗಿ ಕೆಳಗಿನ ಕೋರ್ಟಿನ ಸಾಕ್ಷ್ಯವನ್ನೇ ಓದುತ್ತದೆ. ಆದ್ದರಿಂದ ಸಾಕ್ಷಿ ಹೇಳುವಾಗ ಜಗಳ ಹೇಗೆ ಶುರುವಾಯ್ತು ಎಂಬುದನ್ನೂ ಬಿಡದೆ ಹೇಳೋಣ. ಮೇಲ್ಮನವಿಗೆ 60 ದಿನ ಅವಕಾಶ. ಮಹಿಳೆಯರಿಗೂ ಜೈಲಿನಲ್ಲಿರುವವರಿಗೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.