ಮೇಕೆ ನಿನ್ನದು, ಮೇವು ಊರಿನದು



ಬಿಡದಿಯ ಕೆಲಸ ಬಿಟ್ಟು, ಸಾಲ ಎತ್ತಿ, ಶೆಡ್ ಕಟ್ಟಿ ಐವತ್ತು ಮೇಕೆ ತರುತ್ತೇನೆ ಅಂತ ನಿಮ್ಮಪ್ಪನ ಹತ್ತಿರ ಹೇಳಿದೆಯಂತೆ. ಊರಿಗೆ ಬಾ, ಸಂತೋಷ. ಐವತ್ತು ಮಾತ್ರ ಬೇಡ. ಮೊದಲು ಎರಡು ಹೆಣ್ಣು ಮೇಕೆ ಕಟ್ಟು. ದುಡ್ಡಿಲ್ಲದಿದ್ದರೆ ವಾರಕ್ಕೆ, ಅಂದರೆ ಪಾಲಿಗೆ ತಗೋ. ಹುಟ್ಟಿದ ಮರಿಯಲ್ಲಿ ಅರ್ಧ ಒಡೆಯನಿಗೆ, ಅರ್ಧ ನಿನಗೆ.

ಮೇಯಿಸೋದು ಎಲ್ಲಿ ಅಂತ ಯೋಚಿಸಿದ್ದೀಯಾ? ಗೋಮಾಳ, ಕೆರೆ ಅಂಗಳ, ರಾಗಿ ಕೊಯ್ದ ಹೊಲ, ಇಷ್ಟೇ. ಗೋಮಾಳವೂ ಒತ್ತುವರಿಯಲ್ಲಿ ಕರಗುತ್ತಿದೆ. ಹಸಿದ ಐವತ್ತು ಬಾಯಿ ನುಗ್ಗೋದು ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ. ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದ ರೇಷ್ಮೆಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವ ತನಕ ಆ ಮನೆಯವರಿಗೆ ನಿದ್ದೆಯಿಲ್ಲ. ಅಂಥ ಹೊತ್ತಲ್ಲಿ ನಿನ್ನ ಮೇಕೆ ಎರಡು ಸಾಲು ಬೋಳಿಸಿದರೆ ಆ ಜಗಳ ಮಕ್ಕಳ ಕಾಲಕ್ಕೂ ಮುಗಿಯಲ್ಲ.

ಅದೇ ಜನರ ಜೊತೆ ಚೆನ್ನಾಗಿದ್ದು ನೋಡು. ಹುಳು ತಿಂದು ಬಿಟ್ಟ ಸೊಪ್ಪು, ಕಡ್ಡಿ ನಿನ್ನ ಕೊಟ್ಟಿಗೆಗೆ ಬರುತ್ತೆ. ಅಂಗಡಿ ಹಿಂಡಿಯ ಖರ್ಚು ಅಷ್ಟು ಉಳಿಯುತ್ತೆ. ಹುಳುವಿನ ಹಾಸಿಗೆಗೆ ಸುಣ್ಣ, ಔಷಧಿ ಪುಡಿ ಉದುರಿಸಿದ್ದಾರಾ ಅಂತ ಮಾತ್ರ ಕೇಳಿ ತಗೋ. ಹಿಕ್ಕೆ ಗೊಬ್ಬರ ಅವರ ತೋಟಕ್ಕೇ ಹೋಗಲಿ.

ಸಂತೆಯಲ್ಲಿ ಕೊಳ್ಳುವಾಗ ಹಲ್ಲು ಎಲ್ಲರೂ ನೋಡುತ್ತಾರೆ. ನೀನು ಕಣ್ಣಿನ ಕೆಳರೆಪ್ಪೆ ಮಗುಚಿ ನೋಡು: ಕೆಂಪಿರಬೇಕು. ಬಿಳಿಚಿದ್ದರೆ ಹೊಟ್ಟೆಹುಳ ರಕ್ತ ಹೀರಿರಬಹುದು ಅಂತ ತಿಳಿ. ಬಾಲದ ಕೆಳಗೆ ಮೆತ್ತಿಕೊಂಡಿದ್ದರೆ ಹಗ್ಗ ಬಿಟ್ಟು ಮುಂದೆ ಹೋಗು. ತಂದದ್ದನ್ನು ಮೂರು ವಾರ ಬೇರೆ ಕಟ್ಟು. ಪಿಪಿಆರ್ ಲಸಿಕೆ ತಪ್ಪಿಸಬೇಡ. ಮುಂಗಾರು ಹಿಡಿಯುವ ಮುಂಚೆ ಕರುಳುಬೇನೆಗೂ ಚುಚ್ಚಿಸು. ಮೊದಲ ಮಳೆಯ ಎಳೇ ಹುಲ್ಲಿಗೆ ಬಿದ್ದ ಗಟ್ಟಿಮುಟ್ಟು ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತಿರುತ್ತೆ. ಕೊಟ್ಟಿಗೆಗೆ ಮೇಲೂ ಜಾಲರಿ ಬಿಗಿ. ಸಾವನದುರ್ಗದ ಸುತ್ತ ಚಿರತೆಗೆ ಗೋಡೆ ಲೆಕ್ಕಕ್ಕಿಲ್ಲ.

ಮಾರೋದಕ್ಕೆ ನಮ್ಮ ಸೀಮೆಯಲ್ಲಿ ಹೊಸತೊಡಕಿಗಿಂತ ಒಳ್ಳೆ ದಿನ ಬೇಕೆ? ಯುಗಾದಿಯ ಮಾರನೇ ದಿನ ಕನಕಪುರ, ಚನ್ನಪಟ್ಟಣ, ಎಲ್ಲಿ ನೋಡಿದರೂ ಗುಡ್ಡೆ ಬಾಡು; ವರ್ಷವಿಡೀ ಮಾಂಸದ ಚೀಟಿ ಕಟ್ಟಿದವರು ನಿನ್ನ ಬಾಗಿಲಿಗೇ ಬರುತ್ತಾರೆ. ಮೇಕೆಗೆ ಗಬ್ಬ ಐದು ತಿಂಗಳು. ಮಾಘದಲ್ಲಿ ಹೋತ ಬಿಟ್ಟರೆ ಆಷಾಢಕ್ಕೆ ಮರಿ, ಯುಗಾದಿಗೆ ಒಂಬತ್ತು ತಿಂಗಳ ಗಂಡು ಕೈಯಲ್ಲಿರುತ್ತೆ. ಸೊಂಟ ಹಿಡಿದು ನೋಡಿ ಬೆಲೆ ಕಟ್ಟುವ ವ್ಯಾಪಾರಿಯ ಮಾತಿಗೆ ಮರುಳಾಗದೆ ತಕ್ಕಡಿಗೆ ಹಾಕಿಯೇ ಕೊಡು.

ಇಂತಿ,
ನಿನ್ನ ದೊಡ್ಡಪ್ಪ