ತಿಕಾಲ್‌ಗೆ ಹೋದರೆ ಒಂದು ರಾತ್ರಿ ಅಲ್ಲೇ ಇರಿ

ಮಾಯಾ ನಗರ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಬರುವುದು ಮೆಕ್ಸಿಕೋದ ಚಿಚೆನ್ ಇತ್ಸಾ. ಅಲ್ಲಿಗೆ ತಲುಪುವುದು ಸುಲಭ, ಹಾಗಾಗಿ ಜಾತ್ರೆಯಷ್ಟು ಜನ. ಇಡೀ ಜೀವಮಾನದಲ್ಲಿ ಒಂದೇ ಒಂದು ಮಾಯಾ ನಗರ ನೋಡುವ ಅವಕಾಶವಿದ್ದರೆ, ಸ್ವಲ್ಪ ತ್ರಾಸ ಪಟ್ಟಾದರೂ ಗ್ವಾಟೆಮಾಲಾದ ತಿಕಾಲ್‌ಗೆ ಹೋಗಿ ಎನ್ನುತ್ತೇನೆ. ಸುಮಾರು 576 ಚದರ ಕಿಲೋಮೀಟರ್ ಕಾಡಿನ ನಡುವೆ ಇರುವ ಊರು ಅದು. 1979ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಕಲ್ಲಿನ ಕಟ್ಟಡಗಳಿಗಾಗಿ ಮಾತ್ರವಲ್ಲ, ಕಾಡಿಗಾಗಿಯೂ ಹೌದು.

ಭಾರತದಿಂದ ನೇರ ವಿಮಾನವಿಲ್ಲ. ಅಮೆರಿಕ ಅಥವಾ ಯುರೋಪಿನ ಮೂಲಕ ಗ್ವಾಟೆಮಾಲಾ ಸಿಟಿಗೆ ಹೋಗಬೇಕು. ಅಮೆರಿಕದಲ್ಲಿ ವಿಮಾನ ಬದಲಿಸುವುದಕ್ಕೂ ನಮಗೆ ವೀಸಾ ಬೇಕೇ ಬೇಕು. ಯುರೋಪಿನ ನಿಲ್ದಾಣಗಳ ನಿಯಮವನ್ನೂ ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ. ಗ್ವಾಟೆಮಾಲಾದ ವೀಸಾ ಬಗ್ಗೆ ಕೇಳಬೇಕಾದ್ದು ನವದೆಹಲಿಯ ಅದರ ರಾಯಭಾರ ಕಚೇರಿಯಲ್ಲಿ. ಗ್ವಾಟೆಮಾಲಾ ಸಿಟಿಯಿಂದ ಫ್ಲೋರೆಸ್‌ಗೆ ಒಂದು ಗಂಟೆಯ ವಿಮಾನ. ಬಸ್ಸಾದರೆ ಇಡೀ ರಾತ್ರಿ. ಪೆತೆನ್ ಇತ್ಸಾ ಸರೋವರದ ನಡುವಿನ ಪುಟ್ಟ ದ್ವೀಪ ಫ್ಲೋರೆಸ್. ಅಲ್ಲಿಂದ ತಿಕಾಲ್ ಸುಮಾರು 65 ಕಿಲೋಮೀಟರ್, ವ್ಯಾನಿನಲ್ಲಿ ಒಂದೂವರೆ ಗಂಟೆ.

ಬಹುತೇಕರು ಎಡವುವುದು ಇಲ್ಲೇ. ಬೆಳಿಗ್ಗೆ ಫ್ಲೋರೆಸ್‌ನಿಂದ ವ್ಯಾನ್ ಹತ್ತಿ, ಬಿಸಿಲೇರಿದ ಮೇಲೆ ತಲುಪಿ, ನಾಲ್ಕು ಫೋಟೋ ತೆಗೆದು, ಊಟದ ಹೊತ್ತಿಗೆ ಬೆವರು ಒರೆಸುತ್ತ ವಾಪಸಾಗುತ್ತಾರೆ. ತಿಕಾಲ್ ಇರುವುದು ಮುಂಜಾವಿನಲ್ಲಿ ಮತ್ತು ಇಳಿಹೊತ್ತಿನಲ್ಲಿ. ಆ ಕಾಡಿನ ಒಳಗೇ ಬೆರಳೆಣಿಕೆಯ ವಸತಿಗೃಹಗಳಿವೆ. ಕೊಟ್ಟ ದುಡ್ಡಿಗೆ ಕೋಣೆ ಸಾಧಾರಣ ಎನಿಸೀತು, ಕರೆಂಟು ದಿನದ ಕೆಲವೇ ಗಂಟೆ. ಆದರೂ ಒಂದು ರಾತ್ರಿ ಅಲ್ಲೇ ಉಳಿಯಿರಿ. ಕೋಣೆ ಸಿಗದಿದ್ದರೆ ದಾರಿಯ ನಡುವಿನ ಎಲ್ ರೆಮಾತೆ ಎಂಬ ಹಳ್ಳಿಯೂ ಆದೀತು.

ವಿದೇಶಿಯರ ಟಿಕೆಟ್ ಕೆಲವು ವರ್ಷಗಳಿಂದ 150 ಕೆಟ್ಸಾಲ್. ಕೆಟ್ಸಾಲ್ ಎಂದರೆ ಅಲ್ಲಿನ ನಾಣ್ಯ. ಹಿಂದೆ ಮಾಯಾ ದೊರೆಗಳು ತಲೆಗೆ ಮುಡಿಯುತ್ತಿದ್ದ ಹಸಿರು ಗರಿಯ ಹಕ್ಕಿಯ ಹೆಸರೂ ಅದೇ. ನಗದನ್ನು ಫ್ಲೋರೆಸ್‌ನಲ್ಲೇ ತೆಗೆದಿಟ್ಟುಕೊಳ್ಳಿ, ಪಾಸ್‌ಪೋರ್ಟ್ ಜೊತೆಗಿರಲಿ. ಸೂರ್ಯೋದಯಕ್ಕೆ ಮುಂಚೆ ಒಳಹೋಗಲು ಬೇರೆ ಟಿಕೆಟ್, ಜೊತೆಗೆ ಗೈಡ್ ಬೇಕು. ಸೂರ್ಯ ಕಾಣುತ್ತಾನೆಂಬ ಭರವಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನ ದಿನ ಕಾಣುವುದು ಬರೀ ಮಂಜು. ಆದರೆ ಕೇಳಿಸುವುದಿದೆಯಲ್ಲ, ಅದಕ್ಕೆ ದುಡ್ಡು ಕೊಡಬಹುದು: ಕತ್ತಲಲ್ಲಿ ಹುಲಿ ಗರ್ಜಿಸಿದಂತೆ ಕೂಗುವ ಹೌಲರ್ ಕೋತಿಗಳು. ಗೊತ್ತಿಲ್ಲದವರು ಮೊದಲ ಸಲ ಬೆಚ್ಚಿಬೀಳುತ್ತಾರೆ.

ಎಲ್ಲರೂ ಮೊದಲು ದೊಡ್ಡ ಚೌಕಕ್ಕೆ ಓಡುತ್ತಾರೆ. ನೀವು ತಿರುವುಮುರುವು ಮಾಡಿ, ನೇರ ನಾಲ್ಕನೇ ಗುಡಿಗೆ ನಡೆಯಿರಿ. ಸುಮಾರು 65 ಮೀಟರ್ ಎತ್ತರದ ಇದು ಕ್ರಿ.ಶ. 741ರ ಸುಮಾರಿನದು. ಪಕ್ಕದ ಮರದ ಮೆಟ್ಟಿಲು ಹತ್ತಿ ಮೇಲೆ ಕುಳಿತರೆ ಕೆಳಗೆ ಹಸಿರು ಕಡಲು, ಅದರಿಂದ ತಲೆ ಹೊರಗಿಟ್ಟ ಮೂರು ಗುಡಿಗಳ ಶಿಖರ. 1977ರ ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಕಾಣುವುದು ಇದೇ ನೋಟ. ಅಲ್ಲಿಂದ ಇಳಿದು, ಇನ್ನೂ ಹಳೆಯ ಕಟ್ಟಡಗಳಿರುವ ಮುಂದೋ ಪೆರ್ದಿದೋ ಎಂಬ ಭಾಗವನ್ನು ಹಾಯ್ದು, ವ್ಯಾನುಗಳು ಬರುವ ಮೊದಲು ಚೌಕ ಸೇರಿ. ಅಲ್ಲಿನ ಮೊದಲನೇ ಗುಡಿ 47 ಮೀಟರ್. ಅದರಡಿಯ ಸಮಾಧಿಯಲ್ಲಿ ಹಸಾವ್ ಚಾನ್ ಕವೀಲ್ ಎಂಬ ದೊರೆ ಜೇಡ್ ಕಲ್ಲಿನ ಒಡವೆಗಳೊಂದಿಗೆ ಮಲಗಿದ್ದದ್ದು 1962ರಲ್ಲಿ ಪತ್ತೆಯಾಯಿತು. ಇದನ್ನು ಹತ್ತುವಂತಿಲ್ಲ, ಎದುರಿನ ಎರಡನೆಯದನ್ನು ಹತ್ತಬಹುದು.

ಗುಡಿಯ ಬಾಗಿಲುಗಳ ಮೇಲೆ ಕಣ್ಣಾಡಿಸದೆ ಬರಬೇಡಿ. ಅಡ್ಡತೊಲೆಗಳು ಸಾವಿರದ ಇನ್ನೂರು ವರ್ಷದ ಹಿಂದಿನ ಸಪೋಟದ ಮರದವು! ನಮ್ಮ ಹಿತ್ತಿಲಲ್ಲಿ ಬಾವಲಿಗಳಿಗೆ ಔತಣ ಕೊಡುವ ಅದೇ ಸಪೋಟ. ಅದರ ತವರು ಈ ಸೀಮೆ. ಚಿಕ್ಕು ಎಂಬ ಹೆಸರಿನ ಬೇರೂ ಆ ಕಡೆಯದೇ. ನಾಲ್ಕನೇ ಗುಡಿಯ ಕೆತ್ತನೆಯ ತೊಲೆಗಳನ್ನು ಮಾತ್ರ ಹತ್ತೊಂಬತ್ತನೇ ಶತಮಾನದಲ್ಲೇ ಕಳಚಿ ಸ್ವಿಟ್ಜರ್ಲೆಂಡಿಗೆ ಸಾಗಿಸಿದರು. ಈಗ ಅವು ಬಾಸೆಲ್‌ನ ಮ್ಯೂಸಿಯಂನಲ್ಲಿವೆ. ದಾರಿಬದಿಯ ಸಪೋಟ ಮರಗಳ ತೊಗಟೆಯಲ್ಲಿ ಅಡ್ಡಾದಿಡ್ಡಿ ಗಾಯದ ಗೆರೆ ಕಂಡರೆ, ಚೂಯಿಂಗ್ ಗಮ್‌ಗಾಗಿ ಹಾಲು ಇಳಿಸಿದವರ ಕೈಗುರುತು ಎಂದು ತಿಳಿಯಿರಿ.

ಇನ್ನೊಂದು ಗಮನಿಸಿ: ಊರಿಗೆ ನದಿಯೇ ಇಲ್ಲ. ಚೌಕಗಳಿಗೆ ಗಾರೆ ಬಳಿದು, ಓರೆ ಕೊಟ್ಟು, ಬಿದ್ದ ಮಳೆಯನ್ನೆಲ್ಲ ಕೆರೆಗಳಿಗೆ ಹರಿಸುತ್ತಿದ್ದರು. ಈಗ ಮರ ಬೆಳೆದ ತಗ್ಗುಗಳಾಗಿ ಕಾಣುವುದು ಆ ಕೆರೆಗಳೇ. ಇಲ್ಲಿನ ತೇದಿ ಕೆತ್ತಿದ ಕೊನೆಯ ಕಂಬ ಕ್ರಿ.ಶ. 869ರದ್ದು. ಆಮೇಲೆ ಊರು ಬರಿದಾಯಿತು. ಬರಗಾಲದ ಪಾಲೂ ಅದರಲ್ಲಿದೆ ಎನ್ನುತ್ತಾರೆ ಸಂಶೋಧಕರು. ಕಂಬಗಳ ಮೇಲಿನ ಅಂಕಿ ಓದುವುದು ಸುಲಭ. ಒಂದು ಚುಕ್ಕೆ ಎಂದರೆ ಒಂದು, ಒಂದು ಗೆರೆ ಎಂದರೆ ಐದು. ಮಕ್ಕಳು ಜೊತೆಗಿದ್ದರೆ ಅವರ ಕೈಗೆ ಈ ಕೆಲಸ ಕೊಡಿ.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲಿನಲ್ಲಿ ಸುಡುಬಿಸಿಲು, ಜೂನಿನ ಮೇಲೆ ಕೆಸರು. ಪಾಚಿ ಹಿಡಿದ ಸುಣ್ಣದಕಲ್ಲು ಜಾರುತ್ತದೆ, ಚಪ್ಪಲಿ ಬೇಡ. ಉದ್ದ ತೋಳಿನ ಅಂಗಿ, ಸೊಳ್ಳೆಯ ಮುಲಾಮು, ತಲೆಗೆ ಎರಡು ಲೀಟರ್ ನೀರು. ಬುತ್ತಿ ಬಿಚ್ಚಿಟ್ಟು ಅತ್ತಿತ್ತ ನೋಡಬೇಡಿ. ಬಾಲ ನಿಮಿರಿಸಿ ಓಡಾಡುವ ಪಿಸೋತೆ ಎಂಬ ಪ್ರಾಣಿ ಹೊತ್ತೊಯ್ಯುತ್ತದೆ.

ಸಸ್ಯಾಹಾರಿಗಳು ಉಪವಾಸ ಬೀಳಬೇಕಿಲ್ಲ: ಮೆಕ್ಕೆಜೋಳದ ತೋರ್ತಿಯಾ, ಕಪ್ಪು ಹುರುಳಿಕಾಯಿ ಬೀಜದ ಪಲ್ಯ, ಕರಿದ ಬಾಳೆ, ಪರಂಗಿ ಸಿಗುತ್ತವೆ. ಆದರೆ ಆ ಬೀಜವನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವುದುಂಟು. 'ಸಿನ್ ಕಾರ್ನೆ' (ಮಾಂಸ ಬೇಡ) ಎಂದಷ್ಟೇ ಹೇಳಿದರೆ ಸಾಲದು, 'ಸಿನ್ ಮಾಂತೇಕಾ' (ಕೊಬ್ಬು ಬೇಡ) ಎಂದೂ ಸೇರಿಸಿ.

ಮಧ್ಯಾಹ್ನ ಕೋಣೆಯಲ್ಲಿ ಒಂದು ನಿದ್ದೆ ತೆಗೆದು ನಾಲ್ಕರ ಹೊತ್ತಿಗೆ ಮತ್ತೆ ಚೌಕಕ್ಕೆ ಬನ್ನಿ. ಮೊದಲನೇ ಗುಡಿಯ ಮುಖ ಪಡುವಣಕ್ಕೆ. ಇಳಿಬಿಸಿಲು ನೇರ ಅದರ ಮೆಟ್ಟಿಲ ಮೇಲೆ ಬೀಳುತ್ತದೆ, ಒಳ್ಳೆಯ ಫೋಟೋ ಸಿಗುವುದು ಆಗಲೇ. ವ್ಯಾನುಗಳು ಹೋಗಿರುತ್ತವೆ. ಕಾವಲುಗಾರ ಬಂದು ಎಬ್ಬಿಸುವ ತನಕ ಕುಳಿತಿರಿ. ಟಾರ್ಚ್ ಮರೆಯಬೇಡಿ, ವಾಪಸು ದಾರಿಯಲ್ಲಿ ಬೇಗ ಕತ್ತಲಾಗುತ್ತದೆ.