ಹಡಗು ಹತ್ತುವ ಮುನ್ನ ಮೈಯ ಲೆಕ್ಕ ಒಪ್ಪಿಸಿ

ಮಕ್ಕಳೇ,

ಮಂಗಳೂರು, ಉಡುಪಿ, ಕಾರವಾರದ ಕಡೆಯಿಂದ ಪ್ರತಿವರ್ಷ ನಿಮ್ಮಂಥವರು ಕ್ರೂಸ್ ಹಡಗಿನ ಕೆಲಸಕ್ಕೆ ಹೊರಡುತ್ತೀರಿ. ಇಂಟರ್‌ವ್ಯೂ ಮುಗಿದು ಆಫರ್ ಲೆಟರ್ ಕೈಸೇರಿದ ದಿನ ಮನೆಯಲ್ಲಿ ಹಬ್ಬ. ಅದರ ಬೆನ್ನಿಗೇ ಕಂಪನಿಯ ಇನ್ನೊಂದು ಇಮೇಲ್ ಬರುತ್ತದೆ: ಮೆಡಿಕಲ್ ಮಾಡಿಸಿ, ಲಸಿಕೆ ಹಾಕಿಸಿ, ವರದಿ ಕಳಿಸಿ. ಅಲ್ಲಿಂದ ಗಾಬರಿ ಶುರು. ‘ಮಾವ, ಶುಗರ್ ಸ್ವಲ್ಪ ಜಾಸ್ತಿ ಇದೆ, ಬರೆಯಬೇಕಾ?’ ‘ಸಣ್ಣವಳಿರುವಾಗ ಫಿಟ್ಸ್ ಬಂದಿತ್ತು, ಹೇಳಿದರೆ ಕೆಲಸ ಹೋಗುತ್ತದಾ?’ ಎಂದು ಕೇಳುತ್ತೀರಿ. ಹಡಗಿನ ಗ್ಯಾಲಿಯಲ್ಲಿ ಬಹುಕಾಲ ಅಡುಗೆ ಮಾಡಿದವನಾಗಿ ನಿಮಗೆಲ್ಲ ನನ್ನ ಉತ್ತರ ಒಂದೇ: ಬರೆಯಿರಿ, ಹೇಳಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಏಕೆ, ಹೇಗೆ ಎಂಬುದನ್ನು ಸಾವಕಾಶವಾಗಿ ವಿವರಿಸುತ್ತೇನೆ.

ಹಡಗು ಎಂಥ ಜಾಗ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ಪ್ರಯಾಣಿಕರು, ಸಿಬ್ಬಂದಿ ಸೇರಿ ಸಾವಿರಾರು ಜನ ಒಂದೇ ಕಬ್ಬಿಣದ ಗೋಡೆಗಳ ಒಳಗೆ ಬದುಕುತ್ತಾರೆ. ನಿಮ್ಮ ಕ್ಯಾಬಿನ್ ಕೆಳಗಿನ ಡೆಕ್ಕಿನಲ್ಲಿ, ಒಂದರ ಮೇಲೊಂದು ಮಂಚ, ಹೆಚ್ಚಿನವಕ್ಕೆ ಕಿಟಕಿಯಿಲ್ಲ. ಒಬ್ಬ ಕೆಮ್ಮಿದ ಗಾಳಿಯನ್ನೇ ಇನ್ನೊಬ್ಬ ಉಸಿರಾಡಬೇಕು. ಡಾಕ್ಟರು, ನರ್ಸು ಇರುತ್ತಾರೆ, ಸಣ್ಣ ಆಸ್ಪತ್ರೆಯೂ ಇರುತ್ತದೆ. ಆದರೆ ದೊಡ್ಡ ಆಪರೇಷನ್ ಬೇಕಾದರೆ ಮುಂದಿನ ಬಂದರಿನವರೆಗೆ ಕಾಯಬೇಕು, ಇಲ್ಲವೇ ಹೆಲಿಕಾಪ್ಟರ್ ಬರಬೇಕು. ಊರಿನಲ್ಲಿ ನಡುರಾತ್ರಿ ಹೊಟ್ಟೆನೋವು ಬಂದರೆ ಮಣಿಪಾಲಕ್ಕೋ ಕಂಕನಾಡಿಗೋ ಆಸ್ಪತ್ರೆಗೆ ಓಡಬಹುದು. ನಡುಸಮುದ್ರದಲ್ಲಿ ಓಡುವುದೆಲ್ಲಿಗೆ?

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗನ್ನು ನೆನಪಿಸಿಕೊಳ್ಳಿ. ಹಾಂಗ್‌ಕಾಂಗ್‌ನಲ್ಲಿ ಇಳಿದು ಹೋಗಿದ್ದ ಒಬ್ಬ ಪ್ರಯಾಣಿಕನಿಗೆ ಕೋವಿಡ್ ಇರುವುದು ಗೊತ್ತಾಗುವ ಹೊತ್ತಿಗೆ ಸೋಂಕು ಹಡಗಿನೊಳಗೆ ಹರಡಿಯಾಗಿತ್ತು. ಹಡಗಿನಲ್ಲಿದ್ದ 3,711 ಜನರಲ್ಲಿ 712 ಮಂದಿಗೆ ಅದು ತಗುಲಿತು. ಪ್ರಯಾಣಿಕರು ಕೋಣೆಯೊಳಗೆ ಉಳಿದರು, ಸಿಬ್ಬಂದಿ ಅಡುಗೆ ಮಾಡುತ್ತ, ಬಾಗಿಲು ಬಾಗಿಲಿಗೆ ಊಟ ಒಯ್ಯುತ್ತ ದುಡಿದರು. ಮೊದಲ ದಿನಗಳಲ್ಲಿ ಸೋಂಕು ದೃಢಪಟ್ಟ 20 ಸಿಬ್ಬಂದಿಯಲ್ಲಿ 15 ಮಂದಿ ಊಟದ ವಿಭಾಗದವರು. ಅವರಲ್ಲಿ ಹೆಚ್ಚಿನವರು ಮಲಗುತ್ತಿದ್ದುದು ಒಂದೇ ಡೆಕ್ಕಿನಲ್ಲಿ. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ. ನಮ್ಮ ಕಾರವಾರದವರೂ ಅಲ್ಲಿದ್ದರು. ರೋಗ ಹಡಗು ಹತ್ತಿದರೆ ಕೆಳಡೆಕ್ಕಿನವರನ್ನೂ ಬಿಡುವುದಿಲ್ಲ, ಅಂದರೆ ನಿಮ್ಮನ್ನೂ. ಮೆಡಿಕಲ್ ಎಂಬುದು ಕಂಪನಿಗಿಂತ ಮೊದಲು ನಿಮ್ಮನ್ನೇ ಕಾಯುವ ಏರ್ಪಾಡು.

ಇನ್ನು ಕಾನೂನು. ಹಡಗಿನ ದುಡಿಮೆಗಾರರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಒಂದು ಒಪ್ಪಂದ ಮಾಡಿತು. ಎಂಎಲ್‌ಸಿ ಎಂದು ಕರೆಯುವ ಆ ಒಪ್ಪಂದವನ್ನು ಭಾರತ 2015ರಲ್ಲಿ ಅನುಮೋದಿಸಿದೆ. ಅದರ ಪ್ರಕಾರ ಆರೋಗ್ಯ ಪತ್ರವಿಲ್ಲದೆ ಯಾರೂ ಹಡಗಿನಲ್ಲಿ ದುಡಿಯುವಂತಿಲ್ಲ. ಪತ್ರದ ಆಯುಸ್ಸು ಹೆಚ್ಚೆಂದರೆ 2 ವರ್ಷ, 18 ತುಂಬದವರಿಗೆ 1 ವರ್ಷ. ನಮ್ಮಲ್ಲಿ ಈ ಪರೀಕ್ಷೆ ಮಾಡುವ ಅಧಿಕಾರ ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್ ಒಪ್ಪಿಗೆ ಕೊಟ್ಟ ಡಾಕ್ಟರುಗಳಿಗೆ ಮಾತ್ರ. ಅವರ ಪಟ್ಟಿ ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿದೆ. ಕೆಲವು ಕಂಪನಿಗಳು ತಮ್ಮದೇ ಕ್ಲಿನಿಕ್, ತಮ್ಮದೇ ಫಾರಂ ಗೊತ್ತುಮಾಡಿರುತ್ತವೆ. ಆದ್ದರಿಂದ ಊರಿನ ಪರಿಚಯದ ಡಾಕ್ಟರ ಬಳಿ ದುಡ್ಡು ಕೊಟ್ಟು ಎಲ್ಲ ಮಾಡಿಸಿಕೊಂಡ ಮೇಲೆ ‘ಇದು ನಡೆಯುವುದಿಲ್ಲ’ ಎನ್ನಿಸಿಕೊಳ್ಳಬೇಡಿ. ಎಲ್ಲಿ ಮಾಡಿಸಬೇಕು, ಯಾವ ಯಾವ ಪರೀಕ್ಷೆ, ಜಾಯ್ನಿಂಗ್‌ಗೆ ಎಷ್ಟು ದಿನ ಮೊದಲು, ವರದಿ ಎಷ್ಟು ಹಳೆಯದಿರಬಹುದು: ಈ ನಾಲ್ಕನ್ನೂ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ಗೆಳೆಯರ ವಾಟ್ಸ್‌ಆ್ಯಪ್ ಮಾತನ್ನು ನೆಚ್ಚಿಕೊಳ್ಳಬೇಡಿ. ಕೋವಿಡ್ ಕಾಲದಲ್ಲಿ ಹಡಗಿನ ಪರೀಕ್ಷೆಯ ನಿಯಮಗಳು ಮತ್ತೆ ಮತ್ತೆ ಬದಲಾದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕ್ರೂಸ್ ಹಡಗುಗಳ ಕೋವಿಡ್ ಕಾರ್ಯಕ್ರಮವನ್ನು 2022ರ ಜುಲೈ 18ರಂದು ನಿಲ್ಲಿಸಿತು. ಹೋದ ವರ್ಷ ಹಡಗು ಹತ್ತಿದವನಿಗೆ ಕೇಳಿದ ಕಾಗದ ಈ ವರ್ಷ ನಿಮಗೆ ಬೇಡವಾಗಬಹುದು, ಅವನಿಗೆ ಕೇಳದ್ದು ನಿಮಗೆ ಬೇಕಾಗಬಹುದು.

ಪರೀಕ್ಷೆಯ ದಿನ ಸಾಮಾನ್ಯವಾಗಿ ರಕ್ತ, ಮೂತ್ರ, ಎದೆಯ ಎಕ್ಸ್‌ರೇ, ಬಿಪಿ, ಕಣ್ಣು, ಕಿವಿ, ಹಲ್ಲು ನೋಡುತ್ತಾರೆ. ಗ್ಯಾಲಿ, ರೆಸ್ಟೋರೆಂಟಿನವರಿಗೆ ಮಲಪರೀಕ್ಷೆಯನ್ನೂ ಕೇಳುವುದುಂಟು. ಹಿಂದಿನ ರಾತ್ರಿ ಬೇಗ ಉಂಡು, ಚೆನ್ನಾಗಿ ನಿದ್ದೆ ಮಾಡಿ, ಖಾಲಿ ಹೊಟ್ಟೆಯಲ್ಲಿ ಹೋಗಿ. ನೀರು ಕುಡಿಯಬಹುದು. ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬೆಳಿಗ್ಗೆ ಮುಂಬಯಿಯಲ್ಲಿ ಇಳಿದವರೇ ಕಾಫಿ ಕುಡಿದು, ಸಿಗರೇಟು ಸೇದಿ ಬಿಪಿ ಪಟ್ಟಿಗೆ ಕೈಯೊಡ್ಡಿದರೆ ಆರೋಗ್ಯವಂತನ ಬಿಪಿಯೂ ಏರಿ ನಿಲ್ಲುತ್ತದೆ. ಹಿಂದಿನ ದಿನ ಡಿಜೆ ಗದ್ದಲದಲ್ಲಿ ನಿಂತಿದ್ದರೆ ಕಿವಿಯ ಪರೀಕ್ಷೆ ಕೆಡಬಹುದು. ಕನ್ನಡಕ ಇದ್ದರೆ ಒಯ್ಯಿರಿ, ಅದನ್ನು ಮರೆಮಾಚಿ ಅಕ್ಷರ ಊಹಿಸಲು ಹೋಗಬೇಡಿ. ಚುಕ್ಕೆಗಳ ನಡುವೆ ಅಂಕಿ ಹುಡುಕುವ ಇಶಿಹಾರಾ ಪರೀಕ್ಷೆಯಲ್ಲಿ ತಡವರಿಸಿದ ಹುಡುಗರು ಎದೆಗುಂದುತ್ತಾರೆ. ಬಣ್ಣದ ದೃಷ್ಟಿ ಕಟ್ಟುನಿಟ್ಟಾಗಿ ಬೇಕಾಗುವುದು ದೀಪ, ಸಿಗ್ನಲ್ ನೋಡಿ ಕಾವಲು ಕಾಯುವ ಡೆಕ್‌ನವರಿಗೆ ಮತ್ತು ಅಂಥ ಕೆಲಸಗಳಿಗೆ. ಬಣ್ಣದ ದೃಷ್ಟಿಯ ದೋಷ ಕೆಲಸಕ್ಕೆ ಅಡ್ಡಿಯಾಗದಿದ್ದರೆ ಒಪ್ಪಂದವೂ ಆ ಪರೀಕ್ಷೆಯನ್ನು ಕೇಳುವುದಿಲ್ಲ.

ಮೂತ್ರದಲ್ಲಿ ಮಾದಕ ವಸ್ತುಗಳನ್ನೂ ಹುಡುಕುತ್ತಾರೆ. ಇಲ್ಲಿ ನಮ್ಮವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಗಸಗಸೆ ಪಾಯಸ ಉಂಡವರ ಮೂತ್ರದಲ್ಲಿ ಅಫೀಮಿನ ಅಂಶ ಕಾಣಿಸಿಕೊಳ್ಳಬಹುದು. ಇದೇ ತೊಂದರೆಗಾಗಿ ಅಮೆರಿಕ ಸರ್ಕಾರ 1998ರಲ್ಲಿ ತನ್ನ ನೌಕರರ ಪರೀಕ್ಷೆಯ ಮಿತಿಯನ್ನು 300ರಿಂದ 2,000 ನ್ಯಾನೊಗ್ರಾಂಗೆ ಏರಿಸಬೇಕಾಯಿತು. ಆದ್ದರಿಂದ ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಮದುವೆಮನೆಯ ಗಸಗಸೆ ಪಾಯಸ ಬೇಡ. ಅಮ್ಮ ಕಟ್ಟಿಕೊಡುವ ಮಸಾಲೆಯಲ್ಲೂ ಗಸಗಸೆ ಇರಬಾರದು. ದುಬೈ, ಸಿಂಗಪುರದ ಮೂಲಕ ಹೋಗುವವರು ಇನ್ನೂ ಎಚ್ಚರವಾಗಿರಿ, ಅಲ್ಲಿ ಗಸಗಸೆ ಒಯ್ಯುವುದೇ ಅಪರಾಧ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಪರೀಕ್ಷೆಗೆ ಮೊದಲೇ ಹೇಳಿ, ಚೀಟಿ ತೋರಿಸಿ. ಗಾಂಜಾದ ಮಾತು ಬೇರೆ. ಅದರ ಚಟವಿದ್ದವರ ಮೂತ್ರದಲ್ಲಿ ಅದು ವಾರಗಟ್ಟಲೆ ಉಳಿಯುತ್ತದೆ. ಹಡಗಿನ ಬದುಕು ಬೇಕಿದ್ದರೆ ಅದರ ಸಹವಾಸ ಬಿಡಬೇಕು.

ಹೆಣ್ಣುಮಕ್ಕಳೇ, ಮುಟ್ಟಿನ ದಿನಗಳಲ್ಲಿ ಮೂತ್ರ ಕೊಟ್ಟರೆ ಅದರಲ್ಲಿ ರಕ್ತ ಕಾಣಿಸಿ ಇಲ್ಲದ ಅನುಮಾನಕ್ಕೆ ಎಡೆಯಾಗುತ್ತದೆ. ಲ್ಯಾಬಿನವರಿಗೆ ಹೇಳಿ ದಿನ ಮುಂದೂಡಿಸಿಕೊಳ್ಳಿ, ಸಂಕೋಚ ಬೇಡ. ಬಸಿರಿರಬಹುದೆಂಬ ಸಣ್ಣ ಶಂಕೆಯಿದ್ದರೂ ಎಕ್ಸ್‌ರೇ ಕೋಣೆಗೆ ಹೋಗುವ ಮೊದಲೇ ತಿಳಿಸಿ.

ಲಸಿಕೆಗೆ ಸಮಯ ಬೇಕು, ಅದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಬ್ರೆಜಿಲ್, ಕೆನ್ಯಾದಂಥ ದೇಶಗಳ ಬಂದರಿಗೆ ಹೋಗುವ ಹಡಗಾದರೆ ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕಿ ಹಳದಿ ಕಾರ್ಡ್ ಕೊಡುತ್ತಾರೆ. ಕಾರ್ಡಿಗೆ ಬೆಲೆ ಬರುವುದು ಲಸಿಕೆ ಹಾಕಿಸಿದ 10 ದಿನಗಳ ಮೇಲೆ. ಮೊದಲು ಅದು 10 ವರ್ಷಕ್ಕಿತ್ತು. 2016ರ ಜುಲೈ 11ರಿಂದ ಜೀವಮಾನಕ್ಕೆ ಒಂದೇ ಸಾಕು. ಕಾರ್ಡಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮನೆಗೆ ಮರಳುವಾಗಲೂ ಅದು ಬೇಕು, ಆ ದೇಶಗಳಿಂದ ಕಾರ್ಡಿಲ್ಲದೆ ಬಂದವರನ್ನು ನಮ್ಮ ವಿಮಾನನಿಲ್ದಾಣದಲ್ಲೇ 6 ದಿನಗಳವರೆಗೆ ಬೇರೆ ಇರಿಸಬಹುದು. ಇದು ಜೀವಂತ ವೈರಾಣುವಿನ ಲಸಿಕೆ. ಮೊಟ್ಟೆ ಒಗ್ಗದವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಬಸುರಿಯರು, ಮೊಲೆಯೂಡಿಸುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ದಡಾರ, ರುಬೆಲ್ಲಾ, ಸೀತಾಳೆ ಸಿಡುಬಿನ ರಕ್ಷಣೆ ಇದೆಯೇ ಎಂದೂ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ‘ಅಮ್ಮ ಬಂದಿದ್ದಳು’ ಎಂಬ ನೆನಪಿರುತ್ತದೆ, ದಾಖಲೆ ಇರುವುದಿಲ್ಲ. ರಕ್ತಪರೀಕ್ಷೆಯಿಂದ ಅದನ್ನು ತಿಳಿಯಬಹುದು, ಇಲ್ಲವಾದರೆ ಲಸಿಕೆ ಹಾಕಿಸಬಹುದು. ಹಳದಿ ಜ್ವರದ ಲಸಿಕೆಯನ್ನೂ ದಡಾರದ ಲಸಿಕೆಯನ್ನೂ ಒಂದೇ ದಿನ ಕೊಡದಿದ್ದರೆ ನಡುವೆ 4 ವಾರ ಬಿಡುವುದು ವಾಡಿಕೆ, ಆ ಲೆಕ್ಕ ಮೊದಲೇ ಹಾಕಿಕೊಳ್ಳಿ. ಇದು ಬರಿಯ ಕಾಗದದ ಕಾಟ ಎನ್ನಬೇಡಿ. 2019ರಲ್ಲಿ ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾದಲ್ಲಿ ಒಬ್ಬ ಸಿಬ್ಬಂದಿಗೆ ದಡಾರ ಬಂದದ್ದಕ್ಕೆ ಇಡೀ ಹಡಗಿನಿಂದ ಯಾರನ್ನೂ ದಡಕ್ಕೆ ಇಳಿಯಗೊಡಲಿಲ್ಲ. ಬಂದರಿನವರ ಈ ಎಚ್ಚರ ಬಹಳ ಹಳೆಯದು. ಇಂದು ಡುಬ್ರೊವ್ನಿಕ್ ಎನ್ನುವ ಯುರೋಪಿನ ಬಂದರು ಊರು 1377ರಲ್ಲೇ ಪ್ಲೇಗು ಇದ್ದ ಕಡೆಯಿಂದ ಬಂದವರನ್ನು 30 ದಿನ ಹೊರಗಿಡುವ ಕಟ್ಟಳೆ ಮಾಡಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಫಾರಂನಲ್ಲಿ ಹಳೆಯ ಕಾಯಿಲೆ, ಆಪರೇಷನ್, ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಬಗ್ಗೆ ಕೇಳಿರುತ್ತಾರೆ. ‘ಎಲ್ಲಕ್ಕೂ ಇಲ್ಲ ಅಂತ ಬರಿ’ ಎಂದು ಹೇಳಿಕೊಡುವ ಏಜೆಂಟರಿದ್ದಾರೆ. ಅವರ ಮಾತು ಕೇಳಬೇಡಿ. ಹಡಗಿನಲ್ಲಿ ನೀವು ಕಾಯಿಲೆ ಬಿದ್ದರೆ ಚಿಕಿತ್ಸೆಯ ಹೊಣೆ ಹಡಗಿನ ಮಾಲೀಕನದು ಎಂದು ಎಂಎಲ್‌ಸಿ ಹೇಳುತ್ತದೆ. ಆ ಹೊಣೆಗೆ ದೇಶದ ಕಾನೂನು ಮಿತಿ ಹಾಕಿದರೂ ಅದು 16 ವಾರಕ್ಕಿಂತ ಕಡಿಮೆಯಾಗುವಂತಿಲ್ಲ. ಎಷ್ಟು ದೊಡ್ಡ ಆಸರೆ ಇದು! ಆದರೆ ಕೆಲಸಕ್ಕೆ ಸೇರುವಾಗ ಬೇಕೆಂದೇ ಮುಚ್ಚಿಟ್ಟ ಕಾಯಿಲೆಗೆ ಈ ಹೊಣೆಯಿಂದ ಮಾಲೀಕನನ್ನು ಬಿಡುಗಡೆ ಮಾಡಬಹುದು ಎಂದೂ ಅದೇ ಒಪ್ಪಂದದಲ್ಲಿದೆ. ‘ಇಲ್ಲ’ ಎಂದು ಸುಳ್ಳು ಬರೆದ ಗಳಿಗೆಯಲ್ಲೇ ನಿಮ್ಮ ಆಸರೆಯನ್ನು ನೀವೇ ಕಳೆದುಕೊಂಡಿರಿ. ಆಮೇಲೆ ಪರದೇಶದ ಆಸ್ಪತ್ರೆಯ ಬಿಲ್ಲು ಊರಿನ ಅಪ್ಪನ ತಲೆಗೆ ಬರಬಹುದು. ಏಜೆಂಟ್ ಆಗ ಫೋನ್ ಎತ್ತುವುದಿಲ್ಲ.

ಹೇಳಿದರೆ ಕೆಲಸ ಹೋಗಿಯೇ ಹೋಗುತ್ತದೆ ಎಂದೂ ಇಲ್ಲ. ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿಯವರು ಡಾಕ್ಟರ ಪತ್ರದೊಂದಿಗೆ ಹಡಗು ಹತ್ತುವುದುಂಟು. ಅನ್‌ಫಿಟ್ ಎಂದು ಬಂದರೆ ಎರಡು ಪ್ರಶ್ನೆ ಕೇಳಿ: ಇದು ತಾತ್ಕಾಲಿಕವೋ ಶಾಶ್ವತವೋ? ಏನು ಮಾಡಿದರೆ ಮತ್ತೆ ಬರಬಹುದು? ಎಕ್ಸ್‌ರೇಯಲ್ಲಿ ಕ್ಷಯ ಕಂಡರೆ ಲೋಕ ಮುಳುಗುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆಯಿದೆ, ಸಾಮಾನ್ಯವಾಗಿ 6 ತಿಂಗಳ ಮಾತ್ರೆ. ಅದು ಕ್ಯಾಬಿನ್ನಿಗೆ ಬಾರದೆ ಮೊದಲೇ ಸಿಕ್ಕಿತಲ್ಲ, ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಪತ್ರ ನಿರಾಕರಿಸಿದರೆ ಇನ್ನೊಬ್ಬ ಸ್ವತಂತ್ರ ಡಾಕ್ಟರಿಂದ ಮರುಪರೀಕ್ಷೆ ಕೇಳುವ ಹಕ್ಕನ್ನು ಎಂಎಲ್‌ಸಿ ಕೊಟ್ಟಿದೆ. ಎಚ್‌ಐವಿ ಪರೀಕ್ಷೆಯನ್ನು ಕೆಲಸಕ್ಕೆ ಷರತ್ತು ಮಾಡುವುದನ್ನು ನಮ್ಮ ದೇಶದ 2017ರ ಕಾಯ್ದೆ ನಿಷೇಧಿಸಿದೆ. ಸತ್ಯ ಹೇಳುವವರು ತಮ್ಮ ಹಕ್ಕನ್ನೂ ತಿಳಿದಿರಬೇಕು.

ದುಡ್ಡಿನ ವಿಷಯದಲ್ಲೂ ಹಾಗೆಯೇ. ಕೆಲಸ ಕೊಡಿಸಿದ್ದಕ್ಕೆ ಹಡಗಿನ ದುಡಿಮೆಗಾರನಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಗುರುತಿನ ಸಿಡಿಸಿ ಪುಸ್ತಕ ಮತ್ತು ಕಾನೂನು ಕೇಳುವ ಮೆಡಿಕಲ್ ಪತ್ರ, ಈ ಮೂರರ ಖರ್ಚು ಮಾತ್ರ ನಿಮ್ಮದಾಗಬಹುದು. ವೀಸಾದ ಖರ್ಚು ಮಾಲೀಕನದು. ‘ಮೆಡಿಕಲ್ ಮ್ಯಾನೇಜ್ ಮಾಡಿಕೊಡುತ್ತೇನೆ, ಇಷ್ಟು ಕೊಡಿ’ ಎಂದವನಿಂದ ದೂರ ಸರಿಯಿರಿ. ಏಜೆನ್ಸಿಗೆ ಹಡಗಿನ ನೇಮಕಾತಿ ಮಾಡಲು ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯೇ ಎಂದು ಡಿಜಿ ಶಿಪ್ಪಿಂಗ್ ಜಾಲತಾಣದಲ್ಲಿ ನೋಡಿಕೊಂಡೇ ಕಾಗದ ಕೊಡಿ. ಅಮ್ಮನ ಬಳೆ ಅಡವಿಟ್ಟು ಕಳ್ಳ ಪತ್ರ ಕೊಳ್ಳುವ ಕೆಲಸ ನಿಮಗೆ ಬೇಡ.

ಹೊರಡುವ ಹೊತ್ತಿಗೆ ಎಲ್ಲ ಮೂಲ ಪತ್ರಗಳು ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ. ಒಂದು ಪ್ರತಿ ಮನೆಯಲ್ಲಿ, ಒಂದು ಫೋನಿನಲ್ಲಿ. ಮಾತ್ರೆಗಳು ಅವುಗಳ ಸ್ಟ್ರಿಪ್‌ನಲ್ಲೇ ಇರಲಿ, ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ ಜೊತೆಗಿರಲಿ. ಕನ್ನಡಕ ಎರಡಿರಲಿ. ಹೊರಡುವ ದಿನ ಜ್ವರವೋ ಭೇದಿಯೋ ಇದ್ದರೆ ಪ್ಯಾರಾಸಿಟಮಾಲ್ ನುಂಗಿ ಮೈ ತಣ್ಣಗೆ ಮಾಡಿಕೊಂಡು ಗ್ಯಾಂಗ್‌ವೇ ದಾಟಬೇಡಿ. ಕಂಪನಿಗೆ ಫೋನ್ ಮಾಡಿ ಹೇಳಿ, ಜಾಯ್ನಿಂಗ್ ಮುಂದೆ ಹೋದರೂ ಹೋಗಲಿ.

ಹಡಗು ಹತ್ತಿದ ಮೇಲೂ ಈ ನಡತೆ ಬಿಡಬೇಡಿ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗಿನಲ್ಲಿ ವಾಂತಿಭೇದಿ ಪ್ರಯಾಣಿಕರಲ್ಲಿ ಇಲ್ಲವೇ ಸಿಬ್ಬಂದಿಯಲ್ಲಿ ನೂರಕ್ಕೆ 3 ಮುಟ್ಟಿದರೆ ಅದರ ಹೆಸರು ಅಲ್ಲಿನ ಸರ್ಕಾರದ ಪಟ್ಟಿಗೆ ಏರುತ್ತದೆ. ಹೆಚ್ಚಾಗಿ ಅದಕ್ಕೆ ಕಾರಣ ನೊರೊವೈರಸ್. ಸ್ಯಾನಿಟೈಸರ್ ಅದರ ಮೇಲೆ ಅಷ್ಟು ನಡೆಯುವುದಿಲ್ಲ, ಸೋಪು ಹಚ್ಚಿ ತಿಕ್ಕಿ ಕೈ ತೊಳೆಯಬೇಕು. ಅನ್ನ ಮುಟ್ಟುವ ಕೆಲಸದವರಿಗೆ ಭೇದಿಯಾದರೆ ನಿಂತ ಮೇಲೂ 48 ಗಂಟೆ ಕೆಲಸದಿಂದ ದೂರ ಇಡುತ್ತಾರೆ. ಸೂಪರ್‌ವೈಸರ್ ಮುಖ ಸಿಂಡರಿಸಿದರೂ ಡಾಕ್ಟರ ಬಳಿ ಹೋಗಿ. ಬಡಿಸುವ ಕೈ ಶುದ್ಧವಾಗಿರಬೇಕೆಂದು ನಮ್ಮ ಮನೆಯ ಹಿರಿಯರು ಕಲಿಸಿದ್ದನ್ನು ಹಡಗಿನಲ್ಲಿ ಮರೆಯುವುದುಂಟೇ?

ನೀವು ದುಡಿಯಲು ಹೊರಟಿದ್ದೀರಿ, ಮನೆಯ ಸಾಲ ತೀರಿಸಲು, ತಂಗಿಯ ಓದಿಗೆ, ಹೊಸ ಹಂಚು ಹೊದೆಸಲು. ಅದಕ್ಕೆಲ್ಲ ಬಂಡವಾಳ ನಿಮ್ಮ ಮೈ ಒಂದೇ. ಅದರ ಲೆಕ್ಕವನ್ನು ಸರಿಯಾಗಿ ಇಟ್ಟುಕೊಳ್ಳಿ, ಕೇಳಿದವರಿಗೆ ಸರಿಯಾಗಿ ಒಪ್ಪಿಸಿ. ಅನುಮಾನ ಬಂದರೆ ಫಾರಂ ತುಂಬುವ ಮೊದಲು ಬಂದು ಕೇಳಿ, ತುಂಬಿದ ಮೇಲೆ ಅಲ್ಲ. ಹೋಗಿ ಬನ್ನಿ, ಒಳ್ಳೆಯದಾಗಲಿ.